37 ಪರ್ಸೆಂಟ್ ಹೆಂಡತಿ

ನಮ್ಮ ಮನೆ ವಾಟ್ಸಾಪ್ ಗುಂಪಿನ ಹೆಸರು 'ಬೆಣ್ಣೆ ಬಳಗ'. ದಾವಣಗೆರೆಯವರು, ಇನ್ನೇನು ಇಡೋದು. ಮಂಗಳವಾರ ಬೆಳಿಗ್ಗೆ ಆರೂ ಹತ್ತಕ್ಕೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು.

'ಅಮೆರಿಕದ ವಿಜ್ಞಾನಿಗಳೇ ಹೇಳಿದ್ದಾರೆ! ಗಂಡನ ಹೊಟ್ಟೆಗೆ 37% ಹೆಂಡತಿಯೇ ಕಾರಣ!'

ಅದರ ಕೆಳಗೆ ಅವರದೇ ಸಾಲು: 'ನನ್ನ ಮದುವೆ ಆಗಿದ್ದು 1997ರಲ್ಲಿ, ನಮ್ಮೂರು ಜಿಲ್ಲೆ ಆದ ವರ್ಷ. ಆಗ 58 ಕೆಜಿ. ಈಗ 91. ಲೆಕ್ಕ ನೀವೇ ಹಾಕಿ.' ನಗುವ ಮುಖ ಐದು.

ಚಿಕ್ಕಮ್ಮನೂ ಇದೇ ಗುಂಪಿನಲ್ಲಿದ್ದಾರೆ. ಥೈರಾಯ್ಡ್‌ನಿಂದ ಅವರ ತೂಕ ಏರಿದಾಗಲೂ ಚಿಕ್ಕಪ್ಪ ಇಲ್ಲೇ ಆಡಿಕೊಂಡಿದ್ದರು. ಅಂದಿನಿಂದ ಹಬ್ಬಕ್ಕೆ ಎಲ್ಲರೂ ಸೇರಿದರೆ ಫೋಟೊ ತೆಗೆಯುವ ಕೆಲಸ ಚಿಕ್ಕಮ್ಮನದು. ಫೋಟೊದಲ್ಲಿ ಅವರು ಇರುವುದಿಲ್ಲ.

ಮೊದಲು ಬಂದವರು ದೊಡ್ಡಪ್ಪ. ಅವರು ಯಾವುದನ್ನೂ ಪೂರ್ತಿ ಓದುವುದಿಲ್ಲ, ಉತ್ತರ ಮಾತ್ರ ಪೂರ್ತಿ ಬರೆಯುತ್ತಾರೆ.

'ಬಾಯಿ ನಮ್ಮದು, ಕೈ ನಮ್ಮದು. ತಿಂದವನೇ ಹೊಣೆ. ನಾನು ಈಗಲೂ ಕುಂದವಾಡ ಕೆರೆ ಸುತ್ತುತ್ತೇನೆ. ಹೆಣ್ಣುಮಕ್ಕಳು ಬೀಸೋದು ಕುಟ್ಟೋದು ಬಿಟ್ಟರು, ಮನೆಯವರೆಲ್ಲ ಊದಿಕೊಂಡರು.'

ಅತ್ತೆ: 'ಅಣ್ಣಾ, ನೀನು ಯಾವತ್ತು ಕುಟ್ಟಿದ್ದೆ?'

ರೂಪಾ: 'ಇದರ ಮೂಲ ಎಲ್ಲಿ ಚಿಕ್ಕಪ್ಪ?' ರೂಪಾ ತನ್ನ ಮದುವೆ ಮುಹೂರ್ತಕ್ಕೂ ಮೂಲ ಕೇಳಿದವಳು.

'ವಾಟ್ಸಾಪ್‌ನಲ್ಲೇ ಬಂದಿದೆಯಲ್ಲಮ್ಮ.'

ಅರ್ಧ ಗಂಟೆ ಬಿಟ್ಟು ಅವಳೇ ಹುಡುಕಿ ಹಾಕಿದಳು: 'ಇದು 2007ರ ಅಧ್ಯಯನ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅನ್ನೋ ಊರಿಂದ ಶುರುವಾದದ್ದು. 12,067 ಜನ, 32 ವರ್ಷದ ಲೆಕ್ಕ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಬೊಜ್ಜು ಬಂದರೆ ಇನ್ನೊಬ್ಬರಿಗೂ ಬರೋ ಸಾಧ್ಯತೆ 37% ಜಾಸ್ತಿ. ಇಬ್ಬರಿಗೂ ಅನ್ವಯ, ಬರೀ ಹೆಂಡತಿ ಅಂತ ಇಲ್ಲ. ಒಡಹುಟ್ಟಿದವರಾದರೆ 40. ಸ್ನೇಹಿತರಾದರೆ 57. ಪಕ್ಕದ ಮನೆಯವರಿಂದ ಏನೂ ಇಲ್ಲ. ಇದನ್ನೂ ಒಪ್ಪದವರಿದ್ದಾರೆ, ಒಂದೇ ಥರದವರೇ ಸ್ನೇಹಿತರಾಗ್ತಾರೆ ಅಂತ.'

ಇಷ್ಟುದ್ದ ಬರೆದದ್ದರಲ್ಲಿ ಚಿಕ್ಕಪ್ಪನ ಕಣ್ಣಿಗೆ ಬಿದ್ದದ್ದು ಒಂದೇ ಸಂಖ್ಯೆ. 'ಹಾಗಾದ್ರೆ 40 ಪರ್ಸೆಂಟ್ ನಮ್ಮಣ್ಣ! ಭಾನುವಾರ ಬೆಣ್ಣೆ ದೋಸೆಗೆ ಕರಕೊಂಡು ಹೋಗಿ, ಇವನಿಗೆ ಇನ್ನೊಂದು ಹಾಕಿ ಅನ್ನೋದು ಯಾರು?'

'ಬಿಲ್ ಕೊಡೋದು ಯಾರು?' ಅಂದರು ದೊಡ್ಡಪ್ಪ.

ಬಿಲ್ ಅನ್ನೋ ಮಾತು ಬರಬಾರದಿತ್ತು. ದೋಸೆ ಬಿಲ್ಲಿನಿಂದ ಅಜ್ಜನ ಆಸ್ಪತ್ರೆ ಬಿಲ್ಲಿಗೆ ಬಂತು. ಆಗ ಯಾರು ಎಷ್ಟು ಕೊಟ್ಟರು, ಯಾರು ಬರೀ ಎಳನೀರು ಹಿಡಿದುಕೊಂಡು ಬಂದರು. ಅತ್ತೆ ಒಂದು ಧ್ವನಿ ಸಂದೇಶ ಹಾಕಿದರು, ಮೂರೂವರೆ ನಿಮಿಷದ್ದು. ಅದನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ ಅಂದುಕೊಂಡಿದ್ದೇನೆ.

ಅಷ್ಟರಲ್ಲಿ ಬೆಂಗಳೂರಿನ ಮಂಜು ಎದ್ದ. 'ಅಜ್ಜ ಕಾಟನ್ ಮಿಲ್‌ಗೆ ಸೈಕಲ್‌ನಲ್ಲಿ ಹೋಗ್ತಿದ್ದರು, ನೆನಪಿದೆಯಾ? ಮೂರು ದೋಸೆ, ಮೇಲೆ ಬೆಣ್ಣೆ ಮುದ್ದೆ, ಆದರೂ ಒಣಗಿದ ಕಡ್ಡಿ. ಆಲೂಗಡ್ಡೆ ಪಲ್ಯ ಎಂತಾ ಇರ್ತಿತ್ತು!' ಆಮೇಲೆ ಆ ಸೈಕಲ್ ಈಗ ಎಲ್ಲಿದೆ ಅನ್ನೋದೇ ಚರ್ಚೆ. ಮಾರಿದವರು ಯಾರು ಅಂತ ಕೇಳಿದ ಕೂಡಲೇ ಗುಂಪು ಸ್ವಲ್ಪ ಹೊತ್ತು ತಣ್ಣಗಾಯಿತು.

ಎಂಟು ತಾಸು ಮಗ್ಗದ ಮುಂದೆ ನಿಂತ ಅಜ್ಜನೂ, ಅಂಗಡಿ ಗಲ್ಲಾದಲ್ಲಿ ದಿನವಿಡೀ ಕೂರುವ ಚಿಕ್ಕಪ್ಪನೂ ಒಂದೇನಾ ಅಂತ ನಾನು ಟೈಪ್ ಮಾಡಿದೆ. ಅಳಿಸಿದೆ. ನಂದೂ ಕೂತು ಮಾಡೋ ಕೆಲಸವೇ.

ಬೆಳಿಗ್ಗೆಯಿಂದ ಎಲ್ಲವನ್ನೂ ನೋಡಿ ಸುಮ್ನಿದ್ದ ಚಿಕ್ಕಮ್ಮ ಸಂಜೆ ಒಂದು ಫೋಟೊ ಹಾಕಿದರು. ತಿಳಿನೀಲಿ ಅಂಗಿ. ಹೊಟ್ಟೆ ಹತ್ತಿರದ ಗುಂಡಿ ಪಟ್ಟಿಯ ಅಂಚಿಗೇ ಬಂದಿದೆ. ಅದರ ಪಕ್ಕ ಹಳೇ ಹೊಲಿಗೆಯ ಸೂಜಿತೂತುಗಳು, ಮೂರು ಕಡೆ.

'ಮೂರು ಸಲ ಜರುಗಿಸಿ ಹೊಲಿದೆ. ಇನ್ನು ಬಟ್ಟೆ ಇಲ್ಲ. ಹೊಸ ಅಂಗಿ ನೀವೇ ಕೊಡಿಸಿ ಭಾವ. 40 ಪರ್ಸೆಂಟ್ ಅಲ್ವಾ.'

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ದೊಡ್ಡಪ್ಪನ ಉತ್ತರ ಬಂತು, ಅವರ ಜೀವಮಾನದಲ್ಲೇ ಚಿಕ್ಕದು.

'ಅಳತೆ ಕಳಿಸಮ್ಮ.'