ಕಾರ್ಮಿಕ ಕಚೇರಿಯ ವಿವಾದ ಶಾಖೆ: ಬಂದವರಿಗೆ ಸಹಾಯಕಿ ಎಷ್ಟು ಹೇಳಬಹುದು?

ಪ್ರಶ್ನೆ: ಹೊಸ ದ್ವಿ.ದ.ಸ., ಕಲಬುರಗಿ

ಹಿರಿಯರಿಗೆ ನಮಸ್ಕಾರ. ಸಂವಿಧಾನದ 371(ಜೆ) ವಿಧಿಯ (ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಹುದ್ದೆ ಮೀಸಲಿಡುವ ವಿಧಿ) ಅಡಿಯಲ್ಲಿ ಸ್ಥಳೀಯ ವೃಂದದ ದ್ವಿತೀಯ ದರ್ಜೆ ಸಹಾಯಕಿಯಾಗಿ ಆಯ್ಕೆಯಾಗಿ, ನಮ್ಮ ಕಡೆಯ ಕಾರ್ಮಿಕ ಕಚೇರಿಯೊಂದರಲ್ಲಿ ಕೆಲಸಕ್ಕೆ ಹಾಜರಾಗಿ ಮೂರು ವಾರಗಳಾದವು. ಮೊದಲ ವಾರ ಆವಕ-ಜಾವಕ (ಬರುವ, ಹೋಗುವ ಕಾಗದಗಳ ದಾಖಲೆ) ನೋಡಿಕೊಂಡೆ. ಈಗ ವಿವಾದ ಶಾಖೆಯ ವಿಷಯ ನಿರ್ವಾಹಕಿ ಎಂದು ಮೇಜು ಕೊಟ್ಟಿದ್ದಾರೆ. ಕೆಲಸದಿಂದ ತೆಗೆದುಹಾಕಲ್ಪಟ್ಟವರು, ಗ್ರಾಚ್ಯುಟಿ ಬಾರದವರು, ಬಾಕಿ ಕೂಲಿ ಕೇಳುವವರು ಬಂದು ಮೊದಲು ನಿಲ್ಲುವುದು ನನ್ನ ಮೇಜಿನ ಮುಂದೆ.

ನಾನು ಓದಿದ್ದು ಬಿ.ಕಾಂ., ಕಾನೂನಲ್ಲ. ಕಳೆದ ಸೋಮವಾರ, ತೊಗರಿ ಬೇಳೆ ಮಿಲ್ಲಿನಲ್ಲಿ ಹನ್ನೆರಡು ವರ್ಷ ದುಡಿದ ಹಮಾಲರೊಬ್ಬರು ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಮಡಿಕೆಯಾಗಿದ್ದ ಹಾಜರಿ ಚೀಟಿಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟು, "ಅಕ್ಕೋರೆ, ಇದರ ಮ್ಯಾಲ ಕೇಸ್ ನಡೀತದೇನ್ರಿ?" ಎಂದು ಕೇಳಿದರು. ಮಡಿಕೆಯ ಗೆರೆಯಲ್ಲಿ ಅಕ್ಷರಗಳು ಅಳಿಸಿಹೋಗಿದ್ದವು, ಮಿಲ್ಲಿನ ಹೆಸರು ಅರ್ಧ ಮಾತ್ರ ಕಾಣುತ್ತಿತ್ತು. ಪಕ್ಕದ ಮೇಜಿನವರು, "ನಡೆಯುವುದಿಲ್ಲ ಎಂದು ಹೇಳಿ ಕಳಿಸಿಬಿಡಿ, ಇಲ್ಲದಿದ್ದರೆ ಸುಮ್ಮನೆ ಒಂದು ಕಡತ ಹೆಚ್ಚುತ್ತದೆ" ಎಂದರು. ನಾನು ಏನೂ ಹೇಳಲಾಗದೆ, ಇನ್ನೂ ಕಾಗದಗಳಿದ್ದರೆ ತೆಗೆದುಕೊಂಡು ಬನ್ನಿ ಎಂದು ಕಳಿಸಿದೆ. ಅವರು ಹೋದ ಮೇಲೆ ನಾನು ಮಾಡಿದ್ದು ತಪ್ಪಾಯಿತು ಎನ್ನಿಸುತ್ತಿದೆ.

ಇಂಥ ಸಂದರ್ಭದಲ್ಲಿ ನಾನು ಎಷ್ಟು ಹೇಳಬಹುದು? ಕಾಗದಗಳು ಪೂರ್ತಿ ಇಲ್ಲದ ಅರ್ಜಿಯನ್ನು ತೆಗೆದುಕೊಳ್ಳಬೇಕೇ? ಅಧಿಕಾರಿಗಳ ಮುಂದಿಡುವ ಕಡತದ ಟಿಪ್ಪಣಿ ಬರೆಯುವುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ, ಹಳೆಯ ಕಡತ ನೋಡಿ ಕಲಿಯಿರಿ ಎನ್ನುತ್ತಾರೆ. ಇದಲ್ಲದೆ ಮಾಲೀಕರ ಕಡೆಯವರು ಫೋನ್ ಮಾಡಿ, ಅರ್ಜಿಯಲ್ಲಿ ಏನು ಬರೆದಿದ್ದಾನೆ ಎಂದು ನನ್ನನ್ನೇ ಕೇಳುತ್ತಾರೆ. ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ: ನಿವೃತ್ತ ಅಧೀಕ್ಷಕ, ಸೇಡಂ

ತಂಗಿ, ನಿಮ್ಮ ಮನಸ್ಸಿಗೆ ಅನ್ನಿಸಿದ್ದು ಸರಿ. ಆ ಹಮಾಲರನ್ನು ಬರಿಗೈಯಲ್ಲಿ ಕಳಿಸಬಾರದಿತ್ತು. ಆದರೆ ಅದನ್ನು ಮೂರನೆಯ ವಾರದಲ್ಲೇ ಕೇಳುತ್ತಿದ್ದೀರಿ, ನಾನು ಕೇಳಿದ್ದು ಮೂರನೆಯ ವರ್ಷದಲ್ಲಿ.

"ನಡೆಯುವುದಿಲ್ಲ" ಎನ್ನುವ ಅಧಿಕಾರ ನಿಮಗೂ ಇಲ್ಲ, ನಿಮ್ಮ ಪಕ್ಕದ ಮೇಜಿನವರಿಗೂ ಇಲ್ಲ. ಸಂಧಾನಾಧಿಕಾರಿಗಳು ಕೂಡ ಸಂಧಾನದಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಪ್ರಯತ್ನಿಸುತ್ತಾರೆ, ಆಗದಿದ್ದರೆ ವಿಫಲ ವರದಿ ಬರೆಯುತ್ತಾರೆ. ಯಾರದು ಸರಿ, ಯಾರದು ತಪ್ಪು ಎಂಬ ತೀರ್ಪು ಅಲ್ಲಿ ಆಗುವುದಿಲ್ಲ. ಹಾಗಿರುವಾಗ ಹಾಜರಿ ಚೀಟಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ಸಹಾಯಕರ ಮೇಜಿನ ಮೇಲೆ ತೀರ್ಮಾನವಾಗುವುದು ಹೇಗೆ? ನಿಮ್ಮ ಕೆಲಸ ಅರ್ಜಿ ತೆಗೆದುಕೊಳ್ಳುವುದು, ಆವಕ ಸಂಖ್ಯೆ ಮತ್ತು ದಿನಾಂಕ ಹಾಕಿ ಮೊಹರು ಒತ್ತುವುದು, ಮೊಹರು ಬಿದ್ದ ಪ್ರತಿಯೊಂದನ್ನು ಅವರ ಕೈಗೇ ಕೊಡುವುದು. ಕಾಗದ ಕಡಿಮೆ ಇದ್ದರೆ ಇಂಥದ್ದನ್ನು ಸಲ್ಲಿಸಿ ಎಂದು ಬರೆದು ತಿಳಿಸಬಹುದು, ಆ ಕಾರಣಕ್ಕೆ ಅರ್ಜಿಯನ್ನೇ ಹಿಂದಿರುಗಿಸಬಾರದು. ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ "ಅಪೂರ್ಣ" ಎಂದು ಅರ್ಜಿಯೊಂದನ್ನು ಡ್ರಾವರಿನಲ್ಲಿ ಇಟ್ಟವರು ಮರೆತೇಬಿಟ್ಟರು. ತಿಂಗಳುಗಳ ನಂತರ ಆವಕಕ್ಕೆ ಹತ್ತಿಸಿದಾಗ ಬಿದ್ದದ್ದು ಅಂದಿನ ದಿನಾಂಕ. ಅರ್ಜಿದಾರನ ಬಳಿ ಇದ್ದದ್ದು ಮೊಹರಿಲ್ಲದ ಝೆರಾಕ್ಸ್. ಮುಂದೆ ಎದುರು ಪಕ್ಷದ ವಕೀಲರು ಇಷ್ಟು ದಿನ ಎಲ್ಲಿದ್ದೆ ಎಂದು ಆ ಮನುಷ್ಯನನ್ನು ಕೇಳುತ್ತಿದ್ದರೆ ಉತ್ತರ ನಮ್ಮ ಡ್ರಾವರಿನಲ್ಲಿತ್ತು.

ಟಿಪ್ಪಣಿಯ ಬಗ್ಗೆ ಒಂದೇ ಸಂಗತಿ ಹೇಳುತ್ತೇನೆ, ಉಳಿದದ್ದು ಕೈ ಪಳಗಿದಂತೆ ಬರುತ್ತದೆ. "ಅರ್ಜಿದಾರರು ಸದರಿ ಮಿಲ್ಲಿನಲ್ಲಿ ಹನ್ನೆರಡು ವರ್ಷ ಹಮಾಲರಾಗಿ ಕೆಲಸ ಮಾಡಿರುತ್ತಾರೆ" ಎಂದು ಬರೆದರೆ ಕಚೇರಿಯೇ ಅದನ್ನು ಒಪ್ಪಿದಂತಾಗುತ್ತದೆ. "ಕೆಲಸ ಮಾಡಿರುವುದಾಗಿ ತಿಳಿಸಿ, ಹಾಜರಿ ಚೀಟಿಯ ನಕಲನ್ನು ಲಗತ್ತಿಸಿರುತ್ತಾರೆ" ಎಂದು ಬರೆದರೆ ಹೇಳಿದವರು ಯಾರು, ಆಧಾರ ಏನು ಎರಡೂ ನಿಚ್ಚಳವಾಗಿರುತ್ತವೆ. ಮಾಲೀಕರ ಉತ್ತರ ಬಂದಾಗಲೂ ಇದೇ ನಿಯಮ: "ಸದರಿಯವರು ತಮ್ಮ ನೌಕರರಲ್ಲವೆಂದು ತಿಳಿಸಿರುತ್ತಾರೆ", ಅಷ್ಟೇ. ನನ್ನ ಮೊದಲ ಅಧೀಕ್ಷಕರು "ಮಾಡಿರುತ್ತಾರೆ" ಎಂದಿದ್ದಲ್ಲೆಲ್ಲ ಹಸಿರು ಶಾಯಿಯಲ್ಲಿ ಗುಂಡಗೆ ಸುತ್ತುಹಾಕಿ ಟಿಪ್ಪಣಿಯನ್ನು ಹಿಂದೆ ಕಳಿಸುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು.

ಇನ್ನು ವಿಳಾಸ. ನಮ್ಮ ಭಾಗದಲ್ಲಿ ಅರ್ಧ ಕಡತಗಳು ನಿಲ್ಲುವುದು ಇದರಿಂದಲೇ. ಮಿಲ್ಲಿನ ಹೆಸರು ಗೇಟಿನ ಫಲಕದಲ್ಲಿ ಒಂದಿರುತ್ತದೆ, ಇಎಸ್‌ಐ (ಕಾರ್ಮಿಕರ ವಿಮೆ) ಕಾಗದದಲ್ಲಿ ಇನ್ನೊಂದಿರುತ್ತದೆ, ಬಿಲ್ಲಿನಲ್ಲಿ ಮಾಲೀಕರ ತಮ್ಮನ ಹೆಸರಿರುತ್ತದೆ. ಸಿಕ್ಕ ಎಲ್ಲ ಹೆಸರುಗಳನ್ನೂ ಅರ್ಜಿಯಲ್ಲಿ ಬರೆಸಿಕೊಳ್ಳಿ. ಕಾರ್ಮಿಕರ ವಿಳಾಸವೂ ಹಾಗೆಯೇ. "ಹಣಮಂತ ದೇವರ ಗುಡಿ ಹತ್ತಿರ" ಎಂದು ಬರೆಸಿ, ವಿಚಾರಣೆಯ ದಿನಾಂಕ ಬರುವಷ್ಟರಲ್ಲಿ ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿರುತ್ತಾರೆ, ನೋಟಿಸು ಗುಡಿಯ ಕಟ್ಟೆಯಿಂದ ಮರಳಿ ಬರುತ್ತದೆ. ಊರಿನಲ್ಲೇ ಉಳಿಯುವ ಒಬ್ಬರ ಮೊಬೈಲ್ ಸಂಖ್ಯೆಯನ್ನು ತಪ್ಪದೆ ತೆಗೆದುಕೊಳ್ಳಿ.

ವಿಚಾರಣೆಯ ವೇಳೆ ನಿಗದಿಪಡಿಸುವಾಗ ಸಾಹೇಬರಿಗೆ ನೆನಪು ಮಾಡಿ: ಬೇಸಿಗೆಯಲ್ಲಿ ನಮ್ಮ ವಿಭಾಗದ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಬದಲಾಗುತ್ತದೆ. ಹಳ್ಳಿಯ ಮೊದಲ ಬಸ್ಸು ಹಿಡಿದು ಬರುವವರಿಗೆ 8.30ರ ವಿಚಾರಣೆ ಎಂದರೆ ಗೈರುಹಾಜರಿ ಬರೆಸಿಕೊಟ್ಟಂತೆ.

ಉತ್ತರ: ಕರಿಕೋಟು, ಕಲಬುರಗಿ

ಅಧೀಕ್ಷಕರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಅರ್ಜಿ ತೆಗೆದುಕೊಂಡು ಮೊಹರು ಒತ್ತಿದರೆ ಸಾಲದು ಎನ್ನುವುದು, ಇಲ್ಲಿಯ ಕಾರ್ಮಿಕ ನ್ಯಾಯಾಲಯದಲ್ಲಿ ವಕಾಲತ್ತು ಮಾಡುವ ನನ್ನ ಅನುಭವ. ತಪ್ಪು ಬಾಗಿಲಿಗೆ ಬಂದ ಅರ್ಜಿಗೆ ಮೊಹರು ಬಿದ್ದು, ಎಂಟು ತಿಂಗಳು ಕಳೆದ ಮೇಲೆ "ವ್ಯಾಪ್ತಿಗೆ ಬರುವುದಿಲ್ಲ" ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಹೊರಟರೆ ಅದರಿಂದ ಕಾರ್ಮಿಕನಿಗೆ ಏನು ಉಪಕಾರ? ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿದವನ ವಿವಾದ ರಾಜ್ಯದ ಕಚೇರಿಗೆ ಸೇರಿದ್ದಲ್ಲ. ಗಣಿ, ರೈಲ್ವೆ ಇವೆಲ್ಲ ಕೇಂದ್ರದ ಕಾರ್ಮಿಕ ಆಯುಕ್ತರ ವ್ಯಾಪ್ತಿ. ಬೇಳೆ ಮಿಲ್ಲು, ಅಂಗಡಿ, ಹೋಟೆಲು ನಿಮ್ಮವು. ಹೀಗಾಗಿ ಅರ್ಜಿ ಬಂದ ದಿನವೇ ಈ ಒಂದು ಸಂಗತಿಯನ್ನು ಟಿಪ್ಪಣಿಯಲ್ಲಿ ಎತ್ತಿ ಅಧಿಕಾರಿಗಳ ಮುಂದಿಡಿ.

ಕಾನೂನು ಬದಲಾಗಿರುವುದನ್ನೂ ಗಮನಿಸಿ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸದಿಂದ ತೆಗೆದ ದಿನದಿಂದ 3 ವರ್ಷದೊಳಗೆ ನ್ಯಾಯಾಲಯದ ಬಾಗಿಲು ತಟ್ಟಬಹುದು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದು ಹಳೆಯ ಕಾಯ್ದೆ. ಸಂಹಿತೆಯಲ್ಲಿ, ವಿವಾದ ಹುಟ್ಟಿ 2 ವರ್ಷ ಕಳೆದರೆ ಸಂಧಾನಾಧಿಕಾರಿ ಸಂಧಾನವನ್ನೇ ನಡೆಸುವಂತಿಲ್ಲ. ವಿಫಲ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆ 90 ದಿನವನ್ನು ಎಣಿಸುವುದು ವರದಿ ಮುಟ್ಟಿದ ದಿನದಿಂದ. ಅಂದರೆ ನಿಮ್ಮ ಜಾವಕ ವಹಿ ಮತ್ತು ಸ್ವೀಕೃತಿ ಚೀಟಿಯೇ ಗಡಿಯಾರ.

ಇನ್ನೊಂದು ತೊಡಕು, ಎಲ್ಲ ಬೇಡಿಕೆಗಳನ್ನೂ ಒಂದೇ ಅರ್ಜಿಯಲ್ಲಿ ತುರುಕುವುದು. ಕೆಲಸದಿಂದ ತೆಗೆದದ್ದಕ್ಕೆ ಸಂಧಾನ, ಗ್ರಾಚ್ಯುಟಿಗೆ ಬೇರೆ ಪ್ರಾಧಿಕಾರಿ, ಬಾಕಿ ಕೂಲಿಗೆ ಇನ್ನೊಂದು ದಾರಿ. ಬೇರೆ ಬೇರೆ ಅರ್ಜಿ ಕೊಡಿ ಎಂದು ತಿಳಿಸುವುದು ಕಾನೂನು ಸಲಹೆಯಲ್ಲ, ಕಚೇರಿಯ ಮಾಹಿತಿ. ಅದನ್ನು ಧೈರ್ಯವಾಗಿ ಹೇಳಿ. ಗ್ರಾಚ್ಯುಟಿಯ ಲೆಕ್ಕವನ್ನೂ ಕಲಿತುಕೊಳ್ಳಿ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಮತ್ತು ಸೇವೆಯ ವರ್ಷಗಳಿಂದ ಗುಣಿಸಬೇಕು. ರೂ. 13,000 ವೇತನದ ಮೇಲೆ 12 ವರ್ಷ ದುಡಿದವನಿಗೆ ಬರಬೇಕಾದದ್ದು ರೂ. 90,000. ಮಾಲೀಕರ ಗುಮಾಸ್ತರು 30ರಿಂದ ಭಾಗಿಸಿ ರೂ. 78,000 ಬರೆದು ಸಹಿ ಮಾಡಿಸಿಕೊಂಡಿರುವ ಕಾಗದಗಳನ್ನು ನಾನು ನೋಡಿದ್ದೇನೆ. ಹಮಾಲರಂತೆ ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಮಾತ್ರ ಕೊನೆಯ ಮೂರು ತಿಂಗಳ ಗಳಿಕೆಯ ಸರಾಸರಿಯಿಂದ ದಿನಗೂಲಿ ತೆಗೆಯಬೇಕು. ಅವರ ವಿಷಯದಲ್ಲಿ ಮಿಲ್ಲಿನವರು "ಇವನು ನಮ್ಮವನಲ್ಲ, ಮುಕಾದಮನ (ಕೂಲಿಗಳ ಮೇಸ್ತ್ರಿಯ) ಕಡೆಯವನು" ಎಂದೇ ಶುರುಮಾಡುವುದರಿಂದ, ಅರ್ಜಿಯಲ್ಲಿ ಮುಕಾದಮನನ್ನೂ ಪಕ್ಷಗಾರನನ್ನಾಗಿ ಬರೆದಿರುವುದು ಒಳ್ಳೆಯದು.

ಉತ್ತರ: ಬೀದರ್ ಸಹೋದ್ಯೋಗಿ

ಫೋನಿನ ವಿಷಯವನ್ನು ಯಾರೂ ಹೇಳಲಿಲ್ಲ. ನಾನು ಆರು ವರ್ಷಗಳಿಂದ ಹೇಳುತ್ತಿರುವ ಉತ್ತರ ಒಂದೇ: "ನೋಟಿಸಿನ ಜೊತೆ ಅರ್ಜಿಯ ಪ್ರತಿ ಬರುತ್ತದೆ ಸರ್, ಓದಿಕೊಳ್ಳಿ." ಕೇಳುವವರು ಕಾರ್ಮಿಕ ಸಂಘದ ಮುಖಂಡರಾದರೂ ಅಷ್ಟೇ. ದೀಪಾವಳಿಯ ಮಿಠಾಯಿ ಡಬ್ಬಿಗೂ ಇದೇ ಗಂಭೀರ ಮುಖ ಸಾಕು.

ಭಾಷೆಯ ಬಗ್ಗೆ ಒಂದು ಮಾತು. ಸಿ ದರ್ಜೆಯಲ್ಲಿ ಶೇ. 80ರಷ್ಟು ಹುದ್ದೆಗಳನ್ನು ನಮ್ಮ ಭಾಗದವರಿಗೆ ಮೀಸಲಿಟ್ಟಿರುವುದರ ನಿಜವಾದ ಉಪಯೋಗ ಈ ಮೇಜಿನಲ್ಲಿ ಕಾಣುತ್ತದೆ. ಬಂದವರು ಉರ್ದುವಿನಲ್ಲೋ ಮರಾಠಿಯಲ್ಲೋ ಹೇಳುತ್ತಾರೆ, ಹೇಳಿಕೆಯನ್ನು ನಾವು ಕನ್ನಡದಲ್ಲಿ ಬರೆಯುತ್ತೇವೆ. ಬರೆದದ್ದನ್ನು ಅವರ ಮಾತಿನಲ್ಲೇ ಓದಿ ಹೇಳಿ, "ಓದಿ ಹೇಳಲಾಗಿ ಸರಿ ಇದೆ ಎಂದು ಒಪ್ಪಿರುತ್ತಾರೆ" ಎಂಬ ಸಾಲು ಸೇರಿಸಿದ ಮೇಲೆಯೇ ಹೆಬ್ಬೆಟ್ಟು ಹಾಕಿಸಿ. ಒಮ್ಮೆ ನಾನು "ಛುಟ್ಟಿ ದಿಯಾ" ಎಂಬುದನ್ನು ರಜೆ ಕೊಟ್ಟರು ಎಂದು ಬರೆದಿದ್ದೆ. ಆತ ಹೇಳಿದ್ದು ಕೆಲಸದಿಂದ ತೆಗೆದರು ಎಂದು. ಓದಿ ಹೇಳಿದ್ದರಿಂದ ಉಳಿದುಕೊಂಡೆ.

ಮರುಪ್ರಶ್ನೆ: ಹೊಸ ದ್ವಿ.ದ.ಸ., ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ಅಧೀಕ್ಷಕರೇ, ಆ ಹಮಾಲರ ಸಂಖ್ಯೆ ನನ್ನ ಬಳಿ ಇರಲಿಲ್ಲ. ಆದರೆ ಅವರು ತಾವಾಗಿಯೇ ಗುರುವಾರ ಮತ್ತೆ ಬಂದರು. ಗ್ರಾಚ್ಯುಟಿಗೆ ಒಂದು, ಕೆಲಸದಿಂದ ತೆಗೆದದ್ದಕ್ಕೆ ಒಂದು ಎಂದು ಎರಡು ಅರ್ಜಿ ಪಡೆದು, ಮೊಹರು ಹಾಕಿದ ಪ್ರತಿಗಳನ್ನು ಕೊಟ್ಟೆ. ಅವರು ಅವನ್ನೂ ನಾಲ್ಕು ಮಡಿಕೆ ಮಾಡಿ ಅದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು. ಊರಿನ ಕಿರಾಣಿ ಅಂಗಡಿಯವರ ಸಂಖ್ಯೆಯನ್ನೂ ಬರೆಸಿಕೊಂಡಿದ್ದೇನೆ. ಮಿಲ್ಲಿಗೆ ಮಾತ್ರ ಎರಡು ಹೆಸರುಗಳು ಸಿಕ್ಕಿವೆ, ನೋಟಿಸು ಯಾವ ಹೆಸರಿಗೆ ಕಳಿಸಬೇಕು? ನಿರಾಕರಿಸಿ ವಾಪಸು ಕಳಿಸಿದರೆ ಏನು ಮಾಡಬೇಕು?

ಉತ್ತರ: ನಿವೃತ್ತ ಅಧೀಕ್ಷಕ, ಸೇಡಂ

ಎರಡೂ ಹೆಸರಿಗೆ, ಎರಡು ಪ್ರತ್ಯೇಕ ಲಕೋಟೆಯಲ್ಲಿ, ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಲು ಟಿಪ್ಪಣಿ ಮಂಡಿಸಿ, ತಂಗಿ. ಮುಕಾದಮನಿಗೂ ಒಂದು. ಮರಳಿ ಬಂದ ಲಕೋಟೆಯನ್ನು ಒಡೆಯಬೇಡಿ. "ತೆಗೆದುಕೊಳ್ಳಲು ನಿರಾಕರಿಸಿದ್ದಾರೆ" ಎಂದು ಅಂಚೆಯವರು ಬರೆದ ಷರಾ ಹೊರಮೈಯಲ್ಲಿ ಇರುತ್ತದೆ, ಅದು ಕಾಣುವ ಹಾಗೆ ಕಡತಕ್ಕೆ ಸೇರಿಸಿ ಪುಟ ಸಂಖ್ಯೆ ಕೊಡಿ. ಆ ಸಂಖ್ಯೆಯನ್ನು ಟಿಪ್ಪಣಿಯಲ್ಲೂ ಬರೆಯಿರಿ.