ಅಪ್‌ಡೇಟ್: ಕಳೆ ಕೊಚ್ಚುವ ಮೆಷಿನ್‌ನ ಬ್ಲೇಡ್ ನಟ್ ಈಗ ಸಡಿಲ ಆಗುತ್ತಿಲ್ಲ

ಅಡಿಕೆ ತೋಟದಲ್ಲಿ ಬ್ರಷ್ ಕಟರ್ ಓಡಿಸುವಾಗ ಬ್ಲೇಡ್ ನಟ್ ಪದೇ ಪದೇ ಸಡಿಲ ಆಗುತ್ತದೆ, ಕೈ ಜುಮ್ ಅನ್ನುವಷ್ಟು ನಡುಕ ಬರುತ್ತದೆ ಅಂತ ಕೇಳಿದ್ದೆ. ಸಮಸ್ಯೆ ಬಗೆಹರಿಯಿತು. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಆ ನಟ್‌ಗೆ ಎಡಗೈ ಥ್ರೆಡ್. ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಿದರೆ ಬಿಗಿ ಆಗುತ್ತದೆ. ನಾನು ಇಷ್ಟು ದಿನ ಬಿಗಿ ಮಾಡುತ್ತೇನೆ ಅಂತ ಬಿಚ್ಚುತ್ತಿದ್ದೆ! ಮೊದಲು ಎಂಜಿನ್ ಅಕಸ್ಮಾತ್ ಸ್ಟಾರ್ಟ್ ಆಗದಂತೆ ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ತೆಗೆದೆ. ಇದನ್ನು ಯಾರೂ ಮರೆಯಬೇಡಿ. ಬ್ಲೇಡ್ ಕೂರುವ ಗೇರ್ ಹೆಡ್‌ನ ತೂತಿಗೆ, ಬ್ಲೇಡ್ ತಿರುಗದಂತೆ ಲಾಕ್ ಪಿನ್ ಹಾಕಿ ನಟ್ ಬಿಚ್ಚಿದಾಗ, ವಾಷರ್ ಮೇಲೆ ಹುಲ್ಲಿನ ರಸ, ಮಣ್ಣು ಒಣಗಿ ಕಲ್ಲಿನಂತೆ ಕೂತಿತ್ತು. ಅದಕ್ಕೇ ಬ್ಲೇಡ್ ಸರಿಯಾಗಿ ಮಟ್ಟಸ ಕೂರುತ್ತಿರಲಿಲ್ಲ. ನಟ್ ಸಡಿಲ ಆಗದಂತೆ ಹಿಡಿಯುವ ಅದರ ಒಳಗಿನ ನೈಲಾನ್ ಕೂಡ ಸವೆದಿತ್ತು, ನಟ್ ಬೆರಳಲ್ಲೇ ಕೊನೆವರೆಗೂ ಸಲೀಸಾಗಿ ತಿರುಗುತ್ತಿತ್ತು. ಹಾಗಾದರೆ ಆ ನಟ್ ಎಸೆಯಲೇಬೇಕು. ಹೊಸದು ಹಾಕಿ, ಬ್ಲೇಡಿನ ನಡುವಿನ ತೂತು ವಾಷರ್‌ನ ಉಬ್ಬಿನ ಮೇಲೆ ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ಬಿಗಿ ಮಾಡಿದೆ.

ಇದರ ಜೊತೆಗೆ ಸೈಲೆನ್ಸರ್ ಬೋಲ್ಟ್ ಒಂದು ಸಡಿಲವಾಗಿತ್ತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಗಿ ಮಾಡಿದೆ. ಆ ಬೋಲ್ಟ್ ಕೂರುವ ಸಿಲಿಂಡರ್ ಅಲ್ಯೂಮಿನಿಯಂ ಅಲ್ವಾ, ಜೋರು ಜಾಸ್ತಿ ಆದರೆ ಥ್ರೆಡ್ಡೇ ಕಿತ್ತು ಬರುತ್ತದೆ. ಸ್ಪಾರ್ಕ್ ಪ್ಲಗ್ ಕೂಡ ಹೊಸದು ಹಾಕಿದೆ; ಅದನ್ನೂ ಜೋರು ಮಾಡದೆ ಕೈಯಲ್ಲಿ ಕೂರುವವರೆಗೆ ತಿರುಗಿಸಿ, ಪಾನಾದಿಂದ ಇನ್ನು ಅರ್ಧ ಸುತ್ತು ಅಷ್ಟೇ ಕೊಟ್ಟೆ.

ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಮತ್ತೆ ನೋಡಿದೆ. ನಟ್ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ.