‘ಗೆದ್ದವರಿಗೇ ಎಲ್ಲ’ ಅಂದರೆ ಸಾಕೇ? ಒಂದು ಪದ ಬೇಕಾಗಿದೆ

ನಮಸ್ಕಾರ.

ಕೆಲಸ ಹುಡುಕುವ ವಯಸ್ಸಿನವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಅಧ್ಯಾಯ ಹಾಡುಗಾರರು, ನಟರು, ಆಟಗಾರರು, ಕಾದಂಬರಿ ಬರೆಯುವವರು, ವಿಡಿಯೊ ಮಾಡಿ ಹಾಕುವವರು, ಇಂಥವರ ಕಸುಬಿನ ಬಗ್ಗೆ. ಇಲ್ಲೆಲ್ಲ ನಾಲ್ಕು ಜನ ಕೋಟಿಗಟ್ಟಲೆ ಗಳಿಸುತ್ತಾರೆ, ಉಳಿದವರಿಗೆ ತಿಂಗಳು ದೂಡುವುದೇ ಕಷ್ಟ. ಈ ಬಗೆಯ ಕಸುಬಿಗೆ ಕನ್ನಡದಲ್ಲಿ ಏನನ್ನಬೇಕು?

ಮೊದಲು ‘ಅತಿ ಗಳಿಕೆಯ ಕಸುಬುಗಳು’ ಅಂತ ತಲೆಬರಹ ಕೊಟ್ಟಿದ್ದೆ. ಅಣ್ಣನ ಮಗಳು ಕರಡು ಓದಿ, “ಚಿಕ್ಕಪ್ಪಾ, ಹಾಗಾದ್ರೆ ಹಾಡೋದ್ರಲ್ಲಿ ಒಳ್ಳೇ ದುಡ್ಡಿದೆ ಅಲ್ವಾ?” ಅಂದಳು. ನಾನು ಹೇಳಹೊರಟಿದ್ದಕ್ಕೆ ಪೂರಾ ಉಲ್ಟಾ! ತಲೆಬರಹ ಆವತ್ತೇ ಹೊಡೆದುಹಾಕಿದೆ. ಅದರ ಜಾಗಕ್ಕೆ ಇನ್ನೂ ಏನೂ ಬಂದಿಲ್ಲ.

‘ಅಸಮಾನತೆ’ ಅನ್ನಿ ಅಂತ ಒಬ್ಬರು ಹೇಳಿದರು. ಅದು ತುಂಬಾ ದೊಡ್ಡ ಚೀಲ. ಜಮೀನ್ದಾರನಿಗೂ ಕೂಲಿಯವನಿಗೂ ಇರುವ ಅಂತರವೂ ಅದರೊಳಗೇ ಬರುತ್ತದೆ. ಅವರಿಬ್ಬರು ಮಾಡುವ ಕೆಲಸವೇ ಬೇರೆ. ನನಗೆ ಬೇಕಾದ್ದು ಒಂದೇ ಕೆಲಸ ಮಾಡುವವರ ನಡುವಿನ ಅಂತರ. ಇಬ್ಬರೂ ಹಾಡುತ್ತಾರೆ, ಇಬ್ಬರೂ ಅಷ್ಟೇ ವರ್ಷ ಕಲಿತಿದ್ದಾರೆ, ಒಬ್ಬರಿಗೆ ರಾಶಿ, ಇನ್ನೊಬ್ಬರಿಗೆ ಚಿಲ್ಲರೆ.

‘ಸಿಂಹಪಾಲು’ ಹತ್ತಿರ ಬರುತ್ತದೆ. ಪತ್ರಿಕೆಗಳಲ್ಲಿ ದಿನಾ ಕಾಣುವ ಪದ, ಎಲ್ಲರಿಗೂ ಗೊತ್ತು. ಆದರೆ ಕತೆಯ ಸಿಂಹ ಪಾಲು ಕಿತ್ತುಕೊಂಡದ್ದು ಗದರಿಸಿ. ಇಲ್ಲಿ ಯಾರೂ ಯಾರಿಂದಲೂ ಕಿತ್ತುಕೊಳ್ಳುವುದಿಲ್ಲ. ಕೇಳುವವರು, ನೋಡುವವರು ತಾವಾಗಿ ತಂದು ಸುರಿಯುತ್ತಾರೆ. ‘ಸಿಂಹಪಾಲಿನ ಕಸುಬು’ ಅಂದರೆ ಮೇಲಿರುವವರ ಮೇಲೆ ಸುಮ್ನೆ ಒಂದು ಆರೋಪ ಹೊರಿಸಿದ ಹಾಗಾಗುತ್ತದೆ.

ಅರ್ಥಶಾಸ್ತ್ರದವರು ಇದಕ್ಕೆ ಎರಡು ಹೆಸರು ಬಳಸುತ್ತಾರೆ. ಶೆರ್ವಿನ್ ರೋಸನ್ 1981ರ ಲೇಖನದಲ್ಲಿ ‘ಸೂಪರ್‌ಸ್ಟಾರ್’ ಅಂದರು. ರಾಬರ್ಟ್ ಫ್ರಾಂಕ್ ಮತ್ತು ಫಿಲಿಪ್ ಕುಕ್ 1995ರ ಪುಸ್ತಕದಲ್ಲಿ ‘ವಿನ್ನರ್ ಟೇಕ್ ಆಲ್’ ಅಂದರು. ಮೊದಲನೆಯದನ್ನು ಹಾಗೇ ಬರೆದರೆ ಕನ್ನಡ ಓದುಗರ ಕಣ್ಣಿಗೆ ಸಿನಿಮಾ ಪೋಸ್ಟರ್ ಬರುತ್ತದೆ. ‘ತಾರಾ ವೃತ್ತಿ’ ಅಂದರೂ ಅದೇ ಕತೆ.

ಎರಡನೆಯದಕ್ಕೆ ‘ಗೆದ್ದವನಿಗೇ ಎಲ್ಲ’ ಅಂತ ಬಳಸಿದ್ದು ನೋಡಿದ್ದೇನೆ. ‘ಗೆದ್ದವನಿಗೆ’ ಅನ್ನುವುದರ ಬದಲು ‘ಗೆದ್ದವರಿಗೆ’ ಮೇಲು. ಹೆಂಗಸರೂ ಸೇರುತ್ತಾರೆ, ಒಬ್ಬರಿಗಿಂತ ಜಾಸ್ತಿ ಇದ್ದರೂ ನಡೆಯುತ್ತದೆ. ಆದರೆ ಆ ‘ಏ’ ಎಲ್ಲಿ ಕೂರಬೇಕು? ‘ಗೆದ್ದವರಿಗೇ ಎಲ್ಲ’ ಅಂದರೆ ಸೋತವರಿಗೆ ಏನೂ ಇಲ್ಲ. ‘ಗೆದ್ದವರಿಗೆ ಎಲ್ಲವೂ’ ಅಂದರೆ ದುಡ್ಡು, ಹೆಸರು, ಮರ್ಯಾದೆ, ಸಕಲವೂ ಅಂತ. ನಮಗೆ ಬೇಕಾದ್ದು ಮೊದಲನೆಯದು. ಆದರೆ ಅದು ಪೂರಾ ನಿಜವಲ್ಲ.

ವಿಂಬಲ್ಡನ್ ಟೆನಿಸ್ ನೋಡಿ. 2023ರಲ್ಲಿ ಸಿಂಗಲ್ಸ್ ಗೆದ್ದವರಿಗೆ 23.5 ಲಕ್ಷ ಪೌಂಡ್. ಫೈನಲ್‌ನಲ್ಲಿ ಸೋತವರಿಗೆ ಸರಿಯಾಗಿ ಅದರ ಅರ್ಧ, 11.75 ಲಕ್ಷ. ಮೊದಲ ಸುತ್ತಿನಲ್ಲೇ ಮನೆಗೆ ಹೋದವರಿಗೂ 55 ಸಾವಿರ. ಅಂದರೆ ಗೆದ್ದವರಿಗೇ ಎಲ್ಲ ಅಲ್ಲ. ಒಂದೊಂದು ಮೆಟ್ಟಿಲು ಇಳಿದ ಹಾಗೆ ಅರ್ಧವೋ ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಆಗುತ್ತಾ ಹೋಗುತ್ತದೆ. ಇನ್ನು ಆ 128ರ ಪಟ್ಟಿಗೇ ಬರದವರ ಮಾತು ಬೇರೆ. ಊರೂರು ಸುತ್ತಿ ಚಿಕ್ಕ ಚಿಕ್ಕ ಪಂದ್ಯ ಆಡುವವರಿಗೆ ಕೋಚಿನ ಖರ್ಚು, ಓಡಾಟದ ಖರ್ಚು ಹುಟ್ಟುವುದೇ ದೊಡ್ಡದು.

ಸರಿಯಾದ ಪದ ಸಿಗಬೇಕಾದರೆ ಹೀಗೇಕೆ ಆಗುತ್ತದೆ ಅಂತಲೂ ನೋಡಬೇಕು. ಒಬ್ಬ ಒಳ್ಳೆಯ ಹಲ್ಲಿನ ಡಾಕ್ಟರ್ ಎಷ್ಟೇ ಕೈಚಳಕದವರಾಗಿರಲಿ, ಒಂದು ಸಲಕ್ಕೆ ಒಂದೇ ಬಾಯಿ. ದಿನಕ್ಕೆ ಇಷ್ಟೇ ಜನ. ಉಳಿದವರು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಲೇಬೇಕು. ಹಾಡಿಗೆ ಈ ಕಟ್ಟು ಇಲ್ಲ. ಒಮ್ಮೆ ರೆಕಾರ್ಡ್ ಆದರೆ ಸಾವಿರ ಜನ ಕೇಳಲಿ, ಕೋಟಿ ಜನ ಕೇಳಲಿ, ಹಾಡಿದವರಿಗೆ ಗಂಟಲು ನೋಯುವುದಿಲ್ಲ. ಅಷ್ಟೇ ದುಡ್ಡಿಗೆ, ಅಷ್ಟೇ ಹೊತ್ತಿಗೆ, ಕೂದಲೆಳೆಯಷ್ಟು ಚೆನ್ನಾಗಿರುವುದು ಸಿಗುವಾಗ ಎರಡನೆಯವರನ್ನು ಯಾಕೆ ಕೇಳಬೇಕು? ರೋಸನ್ ಹೇಳಿದ್ದು ಇದನ್ನೇ. ಪ್ರತಿಭೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದರೂ ಗಳಿಕೆಯಲ್ಲಿ ಕಂದಕ ಬೀಳುತ್ತದೆ.

(ಆಲ್ಫ್ರೆಡ್ ಮಾರ್ಷಲ್ ತನ್ನ ಅರ್ಥಶಾಸ್ತ್ರದ ದೊಡ್ಡ ಪುಸ್ತಕದಲ್ಲಿ ಮಿಸೆಸ್ ಬಿಲಿಂಗ್ಟನ್ ಎಂಬ ಹಾಡುಗಾರ್ತಿಯ ಮಾತೆತ್ತುತ್ತಾನೆ. ಆಕೆ ಒಂದೇ ಸೀಸನ್ನಿನಲ್ಲಿ 10,000 ಪೌಂಡ್ ಗಳಿಸಿದಳಂತೆ. ಮನುಷ್ಯರ ದನಿ ಮುಟ್ಟುವ ಜನರ ಸಂಖ್ಯೆಗೆ ಮಿತಿ ಇರುವತನಕ ಯಾವ ಹಾಡುಗಾರರೂ ಅದನ್ನು ತೀರಾ ಮೀರಿ ಹೋಗಲಾರರು ಅಂತ ಅವನ ಲೆಕ್ಕ. ಆ ಪುಸ್ತಕ ಮೊದಲು ಬಂದದ್ದು 1890ರಲ್ಲಿ. ದನಿ ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರ, ಎಡಿಸನ್ನನ ಫೋನೋಗ್ರಾಫ್, ಹುಟ್ಟಿ ಆಗಲೇ 13 ವರ್ಷವಾಗಿತ್ತು!)

ವ್ಯತ್ಯಾಸ ಕೂದಲೆಳೆಯಷ್ಟೇ ಅನ್ನುವ ಕಾರಣಕ್ಕೇ ‘ನೂರಕ್ಕೊಬ್ಬರ ಕಸುಬು’ ಅನ್ನುವುದನ್ನೂ ಬಿಟ್ಟೆ. ಕಿವಿಗೆ ಚೆನ್ನಾಗಿದೆ, ಆದರೆ ನಮ್ಮ ಮಾತಿನಲ್ಲಿ ‘ನೂರಕ್ಕೊಬ್ಬ’ ಹೊಗಳಿಕೆ. ಮೇಲಿರುವವರು ಉಳಿದ ತೊಂಬತ್ತೊಂಬತ್ತು ಜನರಿಗಿಂತ ನೂರು ಪಟ್ಟು ಜಾಣರು ಅನ್ನುವ ಅರ್ಥ ಬಂದುಬಿಡುತ್ತದೆ. ‘ಗೆದ್ದೆತ್ತಿನ ಬಾಲ ಹಿಡಿಯುವುದು’ ಎಂಬ ನಮ್ಮ ಮಾತು ಇದಕ್ಕಿಂತ ನಿಜಕ್ಕೆ ಹತ್ತಿರ. ಜನ ಕೇಳುತ್ತಿದ್ದಾರೆ ಅಂತಲೇ ಇನ್ನಷ್ಟು ಜನ ಕೇಳುತ್ತಾರೆ. ಆದರೆ ಅದು ಬಾಲ ಹಿಡಿಯುವವರ ಬಗ್ಗೆ ಆಯಿತು, ಎತ್ತುಗಳ ಬಗ್ಗೆ ಅಲ್ಲ.

ಆಮೇಲೆ ನಾನೇ ‘ತುದಿಗಳಿಕೆ’ ಅಂತ ಒಂದು ಪದ ಕಟ್ಟಿದೆ. ತುದಿಯಲ್ಲಷ್ಟೇ ಗಳಿಕೆ. ಬಹಳ ಖುಷಿಯಾಗಿತ್ತು. ಕರಡು ತಿದ್ದುವವರು ಅದನ್ನು ಆರು ಕಡೆಯೂ ‘ತುದಿಗಳಿಗೆ’ ಅಂತ ಮಾಡಿ ಕಳಿಸಿದರು. ಅವರದ್ದೇನೂ ತಪ್ಪಿಲ್ಲ. ಪದ ನೋಡಿದ ಕೂಡಲೇ ಕಣ್ಣು ‘ತುದಿಗಳು’ ಅಂತಲೇ ಒಡೆದುಕೊಳ್ಳುತ್ತದೆ.

‘ಸರಾಸರಿ’ಯ ತೊಡಕು ಇನ್ನೊಂದು. ಹತ್ತು ಹಾಡುಗಾರರು, ಒಟ್ಟು ಗಳಿಕೆ 100 ಪಾಲು ಅಂತ ಇಟ್ಟುಕೊಳ್ಳಿ. ಒಬ್ಬರಿಗೆ 91, ಉಳಿದ ಒಂಬತ್ತು ಜನಕ್ಕೆ ತಲಾ 1. ‘ಹಾಡುಗಾರರ ಸರಾಸರಿ ಗಳಿಕೆ’ 10. ‘ಸರಾಸರಿ ಹಾಡುಗಾರರ ಗಳಿಕೆ’ 1. ಪದಗಳು ಅವೇ, ಜಾಗ ಬದಲಾಯಿತು ಅಷ್ಟೇ. ಯಾಕೆಂದರೆ ‘ಸರಾಸರಿ’ಗೆ ‘ನಡುಮಟ್ಟದ, ಸಾಧಾರಣ’ ಅನ್ನುವ ಅರ್ಥವೂ ಬಳಕೆಯಲ್ಲಿದೆ. ಹತ್ತು ಪಾಲು ಗಳಿಸುವವರು ಆ ಗುಂಪಿನಲ್ಲಿ ಒಬ್ಬರೂ ಇಲ್ಲ ಅನ್ನುವುದು ಬೇರೆ. ಶಾಲೆಯ ಪುಸ್ತಕದ ‘ಮಧ್ಯಾಂಕ’ ಇಲ್ಲಿ ಸರಿಯಾದ ಪದ, ಆದರೆ ಪರೀಕ್ಷೆ ಮುಗಿದ ಮೇಲೆ ಅದನ್ನು ಯಾರು ನೆನಪಿಟ್ಟುಕೊಂಡಿದ್ದಾರೆ! ನಾನು ‘ಸಾಲಿನ ನಡುವಿನವರ ಗಳಿಕೆ’ ಅಂತ ಬಿಡಿಸಿ ಬರೆದಿದ್ದೇನೆ.

ಬರೆಯುತ್ತಾ ಕಂಡದ್ದು ಇನ್ನೊಂದಿದೆ. ಕೆಳಗೆ ಇಳಿದ ಹಾಗೆ ದುಡ್ಡಿನ ಹೆಸರೇ ಬದಲಾಗುತ್ತದೆ. ಮೇಲಿನವರಿಗೆ ‘ಸಂಭಾವನೆ’. ನಡುವಿನವರಿಗೆ ‘ಗೌರವಧನ’. ಹೊಸಬರಿಗೆ ‘ಅವಕಾಶ’. ‘ಸಂಬಳ’ ಅನ್ನುವ ಪದ ಈ ಕಸುಬುಗಳ ಹತ್ತಿರ ಸುಳಿಯುವುದೇ ಕಡಿಮೆ.

ಸದ್ಯಕ್ಕೆ ಕೈಯಲ್ಲಿರುವುದು ‘ತುದಿಭಾರದ ಕಸುಬು’. ತೆನೆಯ ಭಾರಕ್ಕೆ ಬಾಗಿದ ದಂಟಿನ ಹಾಗೆ, ತೂಕವೆಲ್ಲ ತುದಿಯಲ್ಲಿ. ಹೊಗಳಿಕೆಯೂ ಇಲ್ಲ, ಆರೋಪವೂ ಇಲ್ಲ, ‘ತುದಿಗಳಿಗೆ’ ಆಗುವ ಭಯವೂ ಇಲ್ಲ. ಅನುಮಾನ ಒಂದೇ: ‘ಭಾರ’ ಅಂದಾಗ ಗಳಿಕೆ ನೆನಪಾಗುತ್ತದೋ, ಹೊಣೆ ನೆನಪಾಗುತ್ತದೋ? ‘ಮೇಲಿನವರಿಗೆ ಕೆಲಸ ಜಾಸ್ತಿ’ ಅಂತ ಓದಿಕೊಂಡರೆ ಮತ್ತೆ ಕೆಟ್ಟಿತು.

ಈ ವಾಕ್ಯವನ್ನು ಒಂದು ಸಲ, ವಿವರಣೆ ಇಲ್ಲ ಅಂದುಕೊಂಡು ಓದಿ ನೋಡಿ: ‘ಹಾಡುಗಾರಿಕೆ ತುದಿಭಾರದ ಕಸುಬು, ನರ್ಸಿಂಗ್ ಅಲ್ಲ.’ ಏನು ಅರ್ಥವಾಯಿತು ಅಂತ ತಿಳಿಸಿ. ನಿಮ್ಮ ಬಳಕೆಯಲ್ಲಿ ಬೇರೆ ಪದ ಇದ್ದರೆ ಅದನ್ನೂ ಬರೆಯಿರಿ. ಅಣ್ಣನ ಮಗಳಿಗೆ ಇನ್ನೂ ತೋರಿಸಿಲ್ಲ.